ಬಾಲಕ ಬಾಲಿಕೆಯರ ಹಾಯಿದೋಣಿ ಪಂದ್ಯ

ಮಕ್ಕಳನ್ನು ಕೆರೆಯ ಅಂಚಿಗೆ ಬಿಡಬಾರದೆಂಬುದು ನಮ್ಮ ಮನೆಗಳಲ್ಲಿ ತಲೆತಲಾಂತರದಿಂದ ನಡೆದುಬಂದ ಕಟ್ಟಳೆ. ತನಗೂ ಈಜು ಬಾರದ, ಮಗನಿಗೂ ಈಜು ಕಲಿಸದ ತಾಯಿಯು ಅವನನ್ನು ನೀರಿನಿಂದ ದೂರವಿಟ್ಟು ನೆಮ್ಮದಿಯಾಗಿದ್ದಾಳೆ; ಅವಳನ್ನು ತಪ್ಪೆನ್ನುವಂತಿಲ್ಲ. ಹೀಗಿರಲಾಗಿ, ಹತ್ತು ಹನ್ನೆರಡು ವರ್ಷದ ಹುಡುಗ ಹುಡುಗಿಯರು ತಲೆಗೊಂದರಂತೆ ಪುಟ್ಟ ಹಾಯಿದೋಣಿಗಳನ್ನು ಹಿಡಿದು, ದೋಣಿಯಲ್ಲಿ ದೊಡ್ಡವರಾರೂ ಇಲ್ಲದೆ, ವಿಶಾಲವಾದ ಸರೋವರದ ನಡುವೆ ಪಂದ್ಯವಾಡುತ್ತಾರೆಂದು ಹೇಳಿದರೆ ನಮ್ಮ ಗೃಹಿಣಿಯರು ಎದೆಯ ಮೇಲೆ ಕೈಯಿಟ್ಟುಕೊಂಡಾರು. ಆದರೆ ಇದು ನಮ್ಮ ದೇಶದಲ್ಲಿಯೇ ನಡೆಯುತ್ತಿರುವ ಸಂಗತಿ. ಹೈದರಾಬಾದಿನ ಹುಸೇನ್ ಸಾಗರದಲ್ಲಿ, ಭೋಪಾಲದ ದೊಡ್ಡ ಕೆರೆಯಲ್ಲಿ, ಮುಂಬಯಿ ಮತ್ತು ಚೆನ್ನೈಗಳ ಕಡಲಿನಲ್ಲಿ ಇಂಥ ಪಂದ್ಯಗಳು ನಡೆಯುತ್ತವೆ. ನಮ್ಮ ಕೃಷ್ಣರಾಜಸಾಗರದ ಹಿನ್ನೀರಿನಲ್ಲಿಯೂ ಹಾಯಿ ಬಿಚ್ಚುವವರುಂಟು. ವೆನಿಸ್ ಪಟ್ಟಣದವರ ಮಾತಿನಿಂದ ಬಂದ 'ರೆಗಟ್ಟಾ' ಎಂಬುದು ಇಂಥ ಪಂದ್ಯಗಳ ಮೇಳಕ್ಕೆ ಲೋಕಪ್ರಸಿದ್ಧವಾದ ಹೆಸರು.

ಈ ಆಟದ ಕಟ್ಟಳೆಗಳನ್ನು ಒಮ್ಮೆ ಕ್ರಮವಾಗಿ ಓದಿನೋಡಿದರೆ, ಭಯಪಡುವುದಕ್ಕಿಂತ ವಿಚಾರಮಾಡತಕ್ಕದ್ದೇ ಇದರಲ್ಲಿ ಹೆಚ್ಚಾಗಿದೆಯೆಂದು ತೋರುತ್ತದೆ. ಮಕ್ಕಳನ್ನು ಕಳುಹಿಸತಕ್ಕವರು ಏನನ್ನು ಕೇಳಿ ತಿಳಿದುಕೊಳ್ಳಬೇಕು, ಕಳುಹಿಸಿದಮೇಲೆ ತಾವು ಹೇಗೆ ನಡೆದುಕೊಳ್ಳಬೇಕು ಎಂಬುದೂ ಆ ಕಟ್ಟಳೆಗಳಲ್ಲಿಯೇ ಅಡಗಿದೆ.

ಮೊದಲು ದೋಣಿಯ ವಿಚಾರ. ಲೋಕದಲ್ಲೆಲ್ಲ ಮಕ್ಕಳು ಹೆಚ್ಚಾಗಿ ನಡೆಸುವ ಹಾಯಿದೋಣಿಗೆ 'ಆಪ್ಟಿಮಿಸ್ಟ್' ಎಂದು ಹೆಸರು, ಆಶಾವಾದಿ ಎಂದರ್ಥ. ಅಮೆರಿಕೆಯ ಫ್ಲಾರಿಡಾ ಪ್ರಾಂತದ ಕ್ಲಿಯರ್‌ವಾಟರ್ ಎಂಬ ಊರಿನಲ್ಲಿ, ನಮಗೆ ಸ್ವಾತಂತ್ರ್ಯ ಬಂದ ೧೯೪೭ನೆಯ ಇಸವಿಯಲ್ಲಿಯೇ, ಕ್ಲಾರ್ಕ್ ಮಿಲ್ಸ್ ಎಂಬ ದೋಣಿಯ ಶಿಲ್ಪಿಯು ಇದನ್ನು ರಚಿಸಿದನು. ಬಡವರ ಮಕ್ಕಳಿಗೂ ಎಟಕುವಂತೆ ಅಗ್ಗವಾದ, ಸರಳವಾದ ದೋಣಿಯೊಂದು ಬೇಕೆಂದು ಆ ಊರಿನವರು ಕೇಳಿಕೊಂಡಾಗ, ಅಂಗಡಿಯಲ್ಲಿ ಸಿಕ್ಕುವ ಎಂಟಡಿ ಉದ್ದದ ಪ್ಲೈವುಡ್ ಹಲಗೆಯ ಅಳತೆಗೆ ಸರಿಹೋಗುವಂತೆ ಅವನು ಅದನ್ನು ಕತ್ತರಿಸಿ ಜೋಡಿಸಿದನು. ಆದುದರಿಂದಲೇ ಅದರ ಮೂತಿ ಚೂಪಾಗಿಲ್ಲ, ತೊಟ್ಟಿಯಂತೆ ಚಪ್ಪಟೆಯಾಗಿದೆ. ಆ ಊರಿನ 'ಆಪ್ಟಿಮಿಸ್ಟ್ ಕ್ಲಬ್' ಎಂಬ ಸೇವಾಸಂಘದಿಂದ ದೋಣಿಗೆ ಹೆಸರು ಬಂದಿತು. ಈಗ ಅದನ್ನು ಗಾಜಿನ ನಾರಿನಿಂದ ಎರಕಹೊಯ್ಯುತ್ತಾರೆ. ಉದ್ದ ೨.೩ ಮೀಟರು, ಬರಿಯ ಒಡಲಿನ ತೂಕ ೩೫ ಕಿಲೋಗ್ರಾಮು, ಒಂದೇ ಒಂದು ಹಾಯಿ, ಒಬ್ಬನೇ ನಾವಿಕ. ಹದಿನಾರು ವರ್ಷ ತುಂಬುವ ಇಸವಿ ಬಂದಿತೆಂದರೆ ಆ ಬಾಲಕನು ಈ ದೋಣಿಯ ಪಂದ್ಯಗಳಿಗೆ ಅರ್ಹನಲ್ಲ. ಹುಡುಗರೂ ಹುಡುಗಿಯರೂ ಒಂದೇ ಪಂದ್ಯದಲ್ಲಿ ಸಮಸಮನಾಗಿ ಸ್ಪರ್ಧಿಸುತ್ತಾರೆ.

ಭೋಜರಾಜನ ಹೆಸರಿನಲ್ಲಿ ಪ್ರಚಾರದಲ್ಲಿರುವ 'ಯುಕ್ತಿಕಲ್ಪತರು' ಎಂಬ ಸಂಸ್ಕೃತ ಗ್ರಂಥದಲ್ಲಿ ನೌಕೆಗಳ ಲಕ್ಷಣವನ್ನು ಹೇಳುವ ಭಾಗವೊಂದಿದೆ. ನದಿಯಲ್ಲಿ ಸಂಚರಿಸತಕ್ಕವು ಸಾಮಾನ್ಯ, ಸಮುದ್ರಕ್ಕೆ ತಕ್ಕವು ವಿಶೇಷ ಎಂದು ವಿಂಗಡಿಸಿ, ಒಂದೊಂದಕ್ಕೂ ಅಳತೆಗಳನ್ನು ಕೊಟ್ಟಿದ್ದಾರೆ. ಅವುಗಳಲ್ಲೆಲ್ಲ ಚಿಕ್ಕದಾದ 'ಕ್ಷುದ್ರಾ' ಎಂಬುದರ ಉದ್ದವೇ ೧೬ ಮೊಳ. ನಮ್ಮ ಆಪ್ಟಿಮಿಸ್ಟ್ ಆದರೋ ಐದು ಮೊಳ ಮಾತ್ರ. ಗ್ರಂಥಕರ್ತನು ಇದನ್ನು ಕಂಡಿದ್ದರೆ ದೋಣಿಯೆನ್ನುತ್ತಿದ್ದನೋ ದೊಣ್ಣೆಯೆನ್ನುತ್ತಿದ್ದನೋ! ಆದಾಗ್ಯೂ ಭೋಜನು ಕಟ್ಟಿಸಿದನೆಂದು ಪ್ರತೀತಿಯಿರುವ ಭೋಪಾಲದ ಆ ಕೆರೆಯ ಮೇಲೆಯೇ ಈಗ ಮಕ್ಕಳಿಗೆ ಹಾಯಿಯ ಪಾಠ ನಡೆಯುತ್ತಿರುವುದು ಸೊಗಸಾದ ಸಂಯೋಗವಲ್ಲವೆ?

ಇಷ್ಟು ಚಿಕ್ಕ ದೋಣಿ ಗಾಳಿಗೆ ಮಗುಚದೆ ಇದ್ದೀತೆ ಎಂದು ಕೇಳಿದರೆ, ಮಗುಚುತ್ತದೆ ಎಂಬುದೇ ಉತ್ತರ. ಮಗುಚಿದ ದೋಣಿಯನ್ನು ತಾನೇ ಎತ್ತಿ ನಿಲ್ಲಿಸಿ, ಹತ್ತಿ ಕುಳಿತು, ನೀರನ್ನು ಮೊಗೆದು ಚೆಲ್ಲಿ ಮುಂದೆ ಹೋಗುವುದನ್ನು ಕಲಿಯದ ಮಗುವನ್ನು ಪಂದ್ಯಕ್ಕೆ ಸೇರಿಸತಕ್ಕದ್ದಲ್ಲ. ದೋಣಿಯ ಒಡಲಿನಲ್ಲಿ ಗಾಳಿ ತುಂಬಿದ ಚೀಲಗಳನ್ನು ಬಿಗಿದಿರುತ್ತಾರೆ. ಆದಕಾರಣ ನೀರು ತುಂಬಿದರೂ ಅದು ಮುಳುಗುವುದಿಲ್ಲ. ಮೊಗೆಯುವ ಪಾತ್ರೆಯನ್ನು ದಾರದಿಂದ ದೋಣಿಗೆ ಕಟ್ಟಿರಬೇಕು. ನೀರಿನ ಮೇಲೆ ತೇಲುವಂಥ, ೮ ಮೀಟರಿಗೆ ಕಡಮೆಯಿಲ್ಲದ ಎಳೆಹಗ್ಗವೊಂದು ಇರಬೇಕು. ಗಾಳಿ ಬಿದ್ದುಹೋದಾಗಲೋ ಬಿರುಗಾಳಿ ಎದ್ದಾಗಲೋ ಯಂತ್ರದ ದೋಣಿಯವರು ಈ ಹಗ್ಗಗಳಿಂದ ಒಂದಕ್ಕೊಂದನ್ನು ಕಟ್ಟಿ, ಬಾತುಕೋಳಿಯು ಮರಿಗಳನ್ನು ಕರೆದೊಯ್ಯುವಂತೆ ಸಾಲಾಗಿ ದಡಕ್ಕೆ ಎಳೆದು ತರುತ್ತಾರೆ. ಮಗುವಿನ ಮೈಮೇಲೆ ತೇಲುವ ಅಂಗಿ, ಅಂದರೆ ಲೈಫ್ ಜಾಕೆಟ್ಟು, ನೀರಿನ ಮೇಲಿರುವಷ್ಟು ಹೊತ್ತೂ ಇರತಕ್ಕದ್ದು. ಆ ಅಂಗಿಗೆ ಒಂದು ಸೀಟಿಯನ್ನು ಕಟ್ಟಿರತಕ್ಕದ್ದು. ಕೂಗಿದ ದನಿ ಗಾಳಿಯಲ್ಲಿ ಕರಗಿಹೋಗುತ್ತದೆ. ಸೀಟಿಯ ದನಿ ದೂರಕ್ಕೆ ಕೇಳುತ್ತದೆ. ಪಂದ್ಯದ ಮುಂಚೆ ಅಳತೆಗಾರರು ಈ ಸಾಮಾನುಗಳನ್ನೆಲ್ಲ ಒಂದೊಂದಾಗಿ ಮುಟ್ಟಿ ನೋಡುತ್ತಾರೆ.

ಪಂದ್ಯ ನಡೆಸುವವರು ಮುಂಚಿತವಾಗಿ ಎರಡು ಪತ್ರಗಳನ್ನು ಹೊರಡಿಸುತ್ತಾರೆ. ಒಂದು ಪಂದ್ಯದ ಪ್ರಕಟಣೆ. ಯಾವ ದಿನ, ಯಾವ ನೀರು, ಯಾವ ವರ್ಗದ ದೋಣಿ, ಎಷ್ಟು ವಯಸ್ಸು, ಏನು ಶುಲ್ಕ ಎಂಬುದು ಅದರಲ್ಲಿ. ಇನ್ನೊಂದು ನಾವಿಕರಿಗೆ ನಿರ್ದೇಶಗಳು. ಹಾದಿಯ ನಕ್ಷೆ, ಧ್ವಜಗಳು, ಆಕ್ಷೇಪ ಸಲ್ಲಿಸುವ ವೇಳೆ ಮುಂತಾದುದು ಅದರಲ್ಲಿ. ಇವೆರಡಕ್ಕೂ ಹಿಂದೆ ವಿಶ್ವ ನೌಕಾಯಾನ ಸಂಸ್ಥೆಯ ಸ್ಪರ್ಧಾನಿಯಮಗಳಿವೆ. ಅವನ್ನು ನಾಲ್ಕು ವರ್ಷಕ್ಕೊಮ್ಮೆ ಪರಿಷ್ಕರಿಸುತ್ತಾರೆ. ೨೦೨೫ರ ಜನವರಿಯಿಂದ ೨೦೨೮ರ ವರೆಗಿನ ಆವೃತ್ತಿ ಈಗ ಜಾರಿಯಲ್ಲಿದೆ. ಇದರಲ್ಲಿ ಮಕ್ಕಳಿಗೆಂದು ಬೇರೆ ಧರ್ಮಶಾಸ್ತ್ರವಿಲ್ಲ. ಒಲಿಂಪಿಕ್ ಪಂದ್ಯದ ಪ್ರೌಢನಿಗೆ ಯಾವ ನಿಯಮವೋ ಹತ್ತು ವರ್ಷದ ಹುಡುಗಿಗೂ ಅದೇ ನಿಯಮ.

ದಡದಲ್ಲಿ ಒಂದು ಹಲಗೆ ಅಥವಾ ಪುಸ್ತಕವನ್ನಿಟ್ಟು, ನೀರಿಗೆ ಇಳಿಯುವ ಪ್ರತಿಯೊಂದು ಮಗುವಿನಿಂದಲೂ ಹೊರಡುವಾಗ ಒಂದು ರುಜು, ಹಿಂದಿರುಗಿದಾಗ ಒಂದು ರುಜು ಹಾಕಿಸುವುದು ಒಳ್ಳೆಯ ಸಂಘಗಳ ವಾಡಿಕೆ. ಕೆಲವೆಡೆ ರುಜುವಿನ ಬದಲು ಸಂಖ್ಯೆಯ ಬಿಲ್ಲೆಗಳನ್ನು ಕೊಡುತ್ತಾರೆ. ಸಂಜೆ ಒಂದು ಬಿಲ್ಲೆ ಬಾರದಿದ್ದರೆ ಹುಡುಕುವ ದೋಣಿಗಳು ಹೊರಡಲೇಬೇಕು. ಮರೆತು ಮನೆಗೆ ಹೋದ ಮಗುವಿಗೆ ಅಂಕದ ದಂಡ ಹಾಕುವ ಪದ್ಧತಿಯೂ ಉಂಟು. ಕಠಿನವೆಂದು ತೋರಬಹುದು, ಆದರೆ ಹಾಜರಿಪುಸ್ತಕದ ಬೆಲೆಯೇನೆಂದು ಬಲ್ಲ ಉಪಾಧ್ಯಾಯರು ಇದನ್ನು ಆಕ್ಷೇಪಿಸಲಾರರು.

ಇನ್ನು ಆಟದ ರೀತಿ. ಹಾಯಿದೋಣಿಯು ಗಾಳಿಗೆ ನೇರವಾಗಿ ಎದುರು ಹೋಗಲಾರದು. ಗಾಳಿಯ ದಿಕ್ಕಿಗೆ ಸುಮಾರು ೪೫ ಅಂಶಗಳಷ್ಟು ಓರೆಯಾಗಿ ಒಮ್ಮೆ ಎಡಕ್ಕೂ ಒಮ್ಮೆ ಬಲಕ್ಕೂ ತಿರುಗುತ್ತ, ಬೆಟ್ಟದ ದಾರಿಯ ಹಾಗೆ ಅಂಕುಡೊಂಕಾಗಿ ಏರಬೇಕು. ಪಂದ್ಯದ ಸತ್ತ್ವವೆಲ್ಲ ಈ ಏರಿಕೆಯಲ್ಲಿದೆ. ಆದುದರಿಂದ ಹೊರಡುವ ಗೆರೆಯನ್ನು ಗಾಳಿಗೆ ಅಡ್ಡವಾಗಿ ಗೊತ್ತುಮಾಡಿ, ಗಾಳಿ ಬರುವ ಕಡೆಗೆ ದೂರದಲ್ಲಿ ತೇಲುವ ಗುರುತೊಂದನ್ನು ಲಂಗರು ಹಾಕಿ ನಿಲ್ಲಿಸುತ್ತಾರೆ. ಅಲ್ಲಿಗೆ ಹತ್ತಿ, ಅಡ್ಡಹಾದು, ಗಾಳಿಯ ಜತೆಗೆ ಇಳಿದು, ಮತ್ತೆ ಹತ್ತಿ ಮುಗಿಸಬೇಕು. ಗಾಳಿ ದಿಕ್ಕು ಬದಲಿಸಿತೋ, ಸಮಿತಿಯವರು ಗುರುತುಗಳನ್ನು ಕಿತ್ತು ಬೇರೆಡೆ ನೆಡಬೇಕು. ಮಕ್ಕಳು ಬಿಸಿಲಿನಲ್ಲಿ ಕಾಯುತ್ತಿರುತ್ತಾರೆ. ಆ ಕಾಯುವ ಹೊತ್ತಿಗಾಗಿ ಕುಡಿಯುವ ನೀರನ್ನೂ ತಿನಿಸನ್ನೂ ಕೊಟ್ಟು ಕಳುಹಿಸತಕ್ಕದ್ದು ಮನೆಯವರ ಕೆಲಸ.

ಹೊರಡಿಸುವ ಕ್ರಮ ಹೀಗೆ: ೫ ನಿಮಿಷ ಮುಂಚೆ ಸಮಿತಿಯ ದೋಣಿಯ ಮೇಲೆ ಆ ವರ್ಗದ ಧ್ವಜವನ್ನು ಏರಿಸುತ್ತಾರೆ; ೪ ನಿಮಿಷ ಉಳಿದಾಗ ಎರಡನೆಯ ಧ್ವಜ, ಸಾಮಾನ್ಯವಾಗಿ ನೀಲಿಯ ನಡುವೆ ಬಿಳಿಯ ಚೌಕವಿರುವುದು; ೧ ನಿಮಿಷ ಉಳಿದಾಗ ಆ ಎರಡನೆಯದನ್ನು ಇಳಿಸುತ್ತಾರೆ; ವರ್ಗದ ಧ್ವಜ ಇಳಿಯಿತೆಂದರೆ ಪಂದ್ಯ ಹೊರಟಂತೆ. ಪ್ರತಿಯೊಂದಕ್ಕೂ ತುತೂರಿಯೋ ಗುಂಡೋ ಸದ್ದುಮಾಡುವುದು ನಿಜ. ಆದರೆ ಗಾಳಿಯಲ್ಲಿ ಸದ್ದು ತಡವಾಗಿ ಕೇಳೀತು, ಕೇಳದೆಯೂ ಇದ್ದೀತು. ಆದಕಾರಣ ಕಣ್ಣಿಗೆ ಕಾಣುವ ಧ್ವಜವೇ ಪ್ರಮಾಣ, ಕಿವಿಗೆ ಬೀಳುವ ಸದ್ದು ಪ್ರಮಾಣವಲ್ಲ. ಗೆರೆಯನ್ನು ಮುಂಚೆಯೇ ದಾಟಿದ ದೋಣಿಯುಂಟಾದರೆ ಬಿಳಿಯ ಮೇಲೆ ನೀಲಿಯ ಶಿಲುಬೆಯಿರುವ ಧ್ವಜವನ್ನು ತೋರಿಸುತ್ತಾರೆ. ದಾಟಿದವನು ಹಿಂದಿರುಗಿ ಬಂದು ಮತ್ತೆ ಹೊರಡಬೇಕು. ಯಾರು ಯಾರೆಂದು ಗುರುತಿಸಲಾಗದಷ್ಟು ಮಂದಿ ನುಗ್ಗಿದ್ದರೆ ಎಲ್ಲರನ್ನೂ ಹಿಂದಕ್ಕೆ ಕರೆಯುತ್ತಾರೆ. ಐವತ್ತು ಅರುವತ್ತು ಮಕ್ಕಳಿರುವಲ್ಲಿ ಇದು ಎಷ್ಟು ಬಾರಿ ನಡೆದೀತೆಂಬುದನ್ನು ವಾಚಕರೇ ಊಹಿಸಬಹುದು.

ಹಾದಿಯಲ್ಲಿ ಎದುರುಬದುರಾದಾಗ ಯಾರು ಯಾರಿಗೆ ಎಡೆಬಿಡಬೇಕು? ಇದಕ್ಕೆ ಮೂರು ಮೂಲ ಸೂತ್ರಗಳಿವೆ. ಎಡಮಗ್ಗುಲಿನಿಂದ ಗಾಳಿ ಪಡೆಯುತ್ತಿರುವ ದೋಣಿಯು ಬಲಮಗ್ಗುಲಿನಿಂದ ಗಾಳಿ ಪಡೆಯುತ್ತಿರುವ ದೋಣಿಗೆ ದಾರಿ ಬಿಡಬೇಕು. ಇಬ್ಬರಿಗೂ ಒಂದೇ ಮಗ್ಗುಲಿನ ಗಾಳಿಯಿದ್ದು ಅಕ್ಕಪಕ್ಕದಲ್ಲಿದ್ದರೆ, ಗಾಳಿ ಬರುವ ಕಡೆಗೆ ಇರುವವನು ಆಚೆಯವನಿಗೆ ಬಿಡಬೇಕು. ಹಿಂದಿರುವವನು ಮುಂದಿರುವವನಿಗೆ ಅಡ್ಡಿಯಾಗಬಾರದು. ಗುರುತನ್ನು ಸುತ್ತುವಲ್ಲಿ ಮಾತ್ರ ಒಂದು ವಿಶೇಷ: ಮೂರು ದೋಣಿಯುದ್ದದಷ್ಟು ಹತ್ತಿರಕ್ಕೆ ಬರುವಾಗ ಒಳಮಗ್ಗುಲಲ್ಲಿ ಜೋಡಿಯಾಗಿರುವವನಿಗೆ ತಿರುಗಲು ಸ್ಥಳ ಕೊಡತಕ್ಕದ್ದು. ಇವೆಲ್ಲಕ್ಕೂ ಮೇಲೆ ಇನ್ನೊಂದುಂಟು. ದಾರಿಯ ಹಕ್ಕು ನನ್ನದೆಂದು ಎದುರಿನವನ ಮೇಲೆ ಹಾಯಿಸುವಂತಿಲ್ಲ. ಅವನು ಬಿಡುವುದಿಲ್ಲವೆಂದು ಸ್ಪಷ್ಟವಾದ ಕೂಡಲೆ, ಹಕ್ಕುಳ್ಳವನೂ ತಾಗದಂತೆ ತಪ್ಪಿಸಿಕೊಳ್ಳಬೇಕು. ನಮ್ಮ ಊರುಗಳ ರಸ್ತೆಯಲ್ಲಿ ಗಾಡಿ ಓಡಿಸುವ ಮಹನೀಯರು ಇದನ್ನು ಬರೆದಿಟ್ಟುಕೊಂಡರೆ ಲೇಸು.

ಈ ಸೂತ್ರವನ್ನು ಮುರಿದವನಿಗೆ ಶಿಕ್ಷೆ ಕೊಡುವವರು ಯಾರು? ಇಲ್ಲಿಯೇ ಈ ಆಟವು ಬೇರೆ ಆಟಗಳಿಂದ ಬೇರೆಯಾಗುವುದು. ಕ್ರಿಕೆಟ್ಟಿನಲ್ಲಿ ಅಂಪೈರನು ಬೆರಳೆತ್ತುತ್ತಾನೆ, ಕಾಲ್ಚೆಂಡಿನಲ್ಲಿ ಸೀಟಿ ಊದುತ್ತಾರೆ. ಇಲ್ಲಿ ಹರಡಿಕೊಂಡ ಅಷ್ಟು ದೋಣಿಗಳ ನಡುವೆ ಪ್ರತಿಯೊಂದು ತಪ್ಪನ್ನೂ ಕೂಗಿ ಹೇಳುವವರು ಸಾಮಾನ್ಯವಾಗಿ ಇರುವುದಿಲ್ಲ. ಹಾಯಿಯನ್ನು ಬೀಸಣಿಗೆಯಂತೆ ಬಡಿದೋ, ಮೈಯನ್ನು ತೂಗಾಡಿಸಿಯೋ ದೋಣಿಯನ್ನು ನೂಕಿಕೊಳ್ಳುವವರಿಗೆ ಹಳದಿ ಧ್ವಜ ತೋರಿಸುವ ನ್ಯಾಯದರ್ಶಿಗಳು ಕೆಲವು ಪಂದ್ಯಗಳಲ್ಲಿ ಇರುತ್ತಾರೆ; ಗಾಳಿ ಮತ್ತು ನೀರುಗಳ ಬಲದಿಂದಲೇ ಸಾಗಬೇಕೆಂಬುದು ನಿಯಮವಷ್ಟೆ. ಮಿಕ್ಕಂತೆ, ತಪ್ಪು ಮಾಡಿದವನು ತಾನಾಗಿಯೇ, ಕೂಡಲೇ, ಇತರರಿಂದ ದೂರ ಸರಿದು, ತನ್ನ ದೋಣಿಯನ್ನು ಒಂದೇ ದಿಕ್ಕಿನಲ್ಲಿ ಎರಡು ಸುತ್ತು ತಿರುಗಿಸಬೇಕು. ಗುರುತನ್ನು ಮುಟ್ಟಿದ್ದರೆ ಒಂದು ಸುತ್ತು. ಆ ಸುತ್ತುಗಳನ್ನು ಹಾಕುವಷ್ಟರಲ್ಲಿ ಹತ್ತು ದೋಣಿಗಳು ಮುಂದೆ ಹೋಗಿರುತ್ತವೆ. ಪೆಟ್ಟಾಗುವಂತೆ ಅಥವಾ ಬಲವಾದ ಹಾನಿಯಾಗುವಂತೆ ತಪ್ಪು ಮಾಡಿದ್ದರೆ ಸುತ್ತು ಸಾಲದು. ಆ ಪಂದ್ಯವನ್ನೇ ಬಿಟ್ಟು ಹೊರಬರಬೇಕು.

ಪರೀಕ್ಷೆಯ ಕೊಠಡಿಗಳಲ್ಲಿ ಮೂವತ್ತು ವರ್ಷಕ್ಕೂ ಮಿಗಿಲಾಗಿ ಕಾವಲು ತಿರುಗಿದ ನನ್ನಂಥವನಿಗೆ ಇದು ನಂಬಲಾರದ ಮಾತೆಂದು ತೋರುವುದು ಸಹಜ. ಕಾವಲುಗಾರನಿಲ್ಲದ ಕೊಠಡಿಯಲ್ಲಿ, ಪಕ್ಕದ ಉತ್ತರವನ್ನು ನೋಡಿಬಿಟ್ಟ ಹುಡುಗನು ತಾನೇ ಎದ್ದು ನಿಂತು ಎರಡು ಸುತ್ತು ತಿರುಗಿ ಕುಳಿತುಕೊಳ್ಳಬೇಕೆಂದರೆ ಹೇಗೋ ಹಾಗೆ. ಎಲ್ಲ ಮಕ್ಕಳೂ ಹಾಗೆ ಮಾಡುತ್ತಾರೆಯೆ? ಮಾಡುವುದಿಲ್ಲ; ಮಾಡುವುದಿಲ್ಲವೆಂಬುದನ್ನು ಬಲ್ಲವರೇ ನಿಯಮವನ್ನು ಬರೆದಿದ್ದಾರೆ. ತಪ್ಪನ್ನು ಕಂಡ ಇನ್ನೊಬ್ಬ ಬಾಲಕನು ಆ ಕ್ಷಣವೇ 'ಪ್ರೊಟೆಸ್ಟ್' ಎಂದು ಕೂಗಬೇಕು. ಬೇರೆ ಮಾತು ಕೂಗಿದರೆ ನಡೆಯದು, ತಡಮಾಡಿ ಕೂಗಿದರೂ ನಡೆಯದು. ಬಳಿಕ ದಡಕ್ಕೆ ಬಂದು, ಗೊತ್ತಾದ ವೇಳೆಯೊಳಗೆ ಆಕ್ಷೇಪವನ್ನು ಬರೆದು ಕೊಡಬೇಕು.

ಆ ವಿಚಾರಣೆಯು ನೋಡತಕ್ಕದ್ದು. ಆಕ್ಷೇಪಿಸಿದವನೂ ಆಕ್ಷೇಪಕ್ಕೆ ಗುರಿಯಾದವನೂ ಎದುರೆದುರಾಗಿ ಕುಳಿತಿರುತ್ತಾರೆ. ಒಬ್ಬನನ್ನು ಬಿಟ್ಟು ಇನ್ನೊಬ್ಬನ ಮಾತು ಕೇಳುವಂತಿಲ್ಲ. ಪ್ರತಿಯೊಬ್ಬನೂ ತನ್ನ ಕಥೆಯನ್ನು ಹೇಳಿ, ಸಾಕ್ಷಿಯನ್ನು ಕರೆದು, ಎದುರಾಳಿಯನ್ನು ಪ್ರಶ್ನಿಸಬಹುದು. ಮೇಜಿನ ಮೇಲೆ ಬೆರಳುದ್ದದ ಆಟಿಕೆಯ ದೋಣಿಗಳನ್ನು ಸರಿಸಿ, ಗಾಳಿ ಇತ್ತಲಿಂದ, ನಾನು ಇಲ್ಲಿ, ಅವನು ಅಲ್ಲಿ ಎಂದು ತೋರಿಸುತ್ತಾರೆ. ನಿರ್ಣಯದಿಂದ ತನಗಾಗಲಿ ತನ್ನವರಿಗಾಗಲಿ ಲಾಭನಷ್ಟವುಳ್ಳವನು ಸಮಿತಿಯಲ್ಲಿ ಕೂಡುವಂತಿಲ್ಲ. ಸಮಿತಿಯು ಮೊದಲು ನಡೆದದ್ದೇನೆಂಬುದನ್ನು ನಿಶ್ಚಯಿಸಿ, ಆಮೇಲೆ ನಿಯಮವನ್ನು ಅನ್ವಯಿಸಿ ತೀರ್ಪು ಹೇಳುತ್ತದೆ. ನ್ಯಾಯಶಾಸ್ತ್ರದಲ್ಲಿ ಪ್ರಮಾಣ, ಪ್ರಮೇಯವೆಂದು ನಾವು ಬಾಯಿಪಾಠ ಮಾಡಿಸಿದ್ದನ್ನು ಈ ಮಕ್ಕಳು ಒದ್ದೆಯ ಬಟ್ಟೆಯಲ್ಲಿ ಕುಳಿತು ಅಭ್ಯಾಸ ಮಾಡುತ್ತಾರೆ. ಬೇಕೆಂದೇ ಮೋಸಮಾಡಿದನೆಂದು ಸಿದ್ಧವಾದರೆ, ಕಡೆಯಲ್ಲಿ ಲೆಕ್ಕದಿಂದ ಕಳೆಯಲಾಗದಂಥ ಅನರ್ಹತೆಯನ್ನು ವಿಧಿಸುವ ಅಧಿಕಾರವೂ ಸಮಿತಿಗುಂಟು.

ತಂದೆತಾಯಿಗಳ ಸರದಿ ಈಗ ಬಂದಿತು. ಪಂದ್ಯ ನಡೆಯುತ್ತಿರುವಾಗ ದೋಣಿಗೆ ಹೊರಗಿನ ಸಹಾಯ ನಿಷಿದ್ಧ. ದಡದಿಂದಲೋ ಬೇರೆ ದೋಣಿಯಿಂದಲೋ ನಿಂತು, ಎಡಕ್ಕೆ ತಿರುಗು, ಹಾಯಿ ಬಿಗಿಮಾಡು ಎಂದು ಕೂಗುವ ತಂದೆಯು ಮಗನಿಗೆ ಉಪಕಾರ ಮಾಡುತ್ತಿಲ್ಲ. ನಿಯಮಗಳು ತಂದೆತಾಯಿಗಳನ್ನೂ ಪೋಷಕರನ್ನೂ ಶಿಕ್ಷಕರನ್ನೂ 'ಬೆಂಬಲಿಗರು' ಎಂದು ಹೆಸರಿಟ್ಟು ತಮ್ಮ ಅಧಿಕಾರಕ್ಕೆ ಒಳಪಡಿಸಿವೆ. ಬೆಂಬಲಿಗರ ದುರ್ನಡತೆಗಾಗಿ ಅವರನ್ನು ಸ್ಥಳದಿಂದ ಹೊರಗೆ ಹಾಕಬಹುದು. ಕೆಲವು ಸಂದರ್ಭಗಳಲ್ಲಿ ಮಗುವಿನ ಅಂಕಕ್ಕೇ ದಂಡ ಬೀಳಬಹುದು. ಮಕ್ಕಳ ತಪ್ಪಿಗೆ ಹಿರಿಯರು ದಂಡ ತೆರುವುದನ್ನು ಲೋಕದಲ್ಲಿ ಕಂಡಿದ್ದೇವೆ. ಇದು ಅದರ ತಿರುವು.

ಇನ್ನೊಂದು ನಿಯಮವನ್ನು ಗೃಹಸ್ಥರು ಎರಡು ಸಲ ಓದತಕ್ಕದ್ದು. ಪಂದ್ಯಕ್ಕೆ ಹೊರಡಬೇಕೆ, ಹೊರಟಮೇಲೆ ಮುಂದುವರಿಯಬೇಕೆ ಎಂಬ ನಿರ್ಧಾರದ ಹೊಣೆಯು ಆಯಾ ದೋಣಿಯದೇ ಹೊರತು ಸಮಿತಿಯದಲ್ಲ. ಗಾಳಿ ಹೆಚ್ಚಿದರೆ ಸಮಿತಿಯು ತಡೆಹಿಡಿಯುವುದೂ, ನೀಲಿ ಬಿಳಿ ಚೌಕುಳಿಯ ಧ್ವಜವೇರಿಸಿ ಪಂದ್ಯವನ್ನು ನಿಲ್ಲಿಸುವುದೂ ಉಂಟು. ಮಕ್ಕಳ ಪಂದ್ಯಗಳಲ್ಲಿ ಅದು ಬೇಗನೆ ಮಾಡತಕ್ಕ ಕೆಲಸ. ಆದರೆ ಸಮಿತಿಗೆ ಸಹ್ಯವೆನಿಸಿದ ಗಾಳಿಯು ಎಂಟು ವರ್ಷದ ಹಗುರಾದ ಮಗುವಿಗೆ ಅಸಹ್ಯವಾಗಿರಬಹುದು. ಅಂಥ ಮಗುವು ಅಂಜಿ ಹಿಂದಿರುಗಿದರೆ, ಶುಲ್ಕ ಕಟ್ಟಿದ್ದೇನೆ, ಐನೂರು ಮೈಲಿ ಬಂದಿದ್ದೇನೆ ಎಂದು ಗದರಿಸುವ ತಂದೆಯಿದ್ದಾನಲ್ಲ, ಅವನಿಗಿಂತ ಬಿರುಗಾಳಿ ಮೇಲು. ಹಿಂದಿರುಗಿ ಬಂದರೆ ಬೈಗಳಿಲ್ಲವೆಂದು ಹೊರಡುವ ಮುನ್ನವೇ ಮಗುವಿಗೆ ಬಾಯಿಬಿಟ್ಟು ಹೇಳಿರಬೇಕು.

ಅಪಾಯದಲ್ಲಿರುವವರಿಗೆ ಕೈಲಾದ ನೆರವನ್ನು ಕೊಡಬೇಕೆಂಬುದು ಈ ನಿಯಮಪುಸ್ತಕದ ಮೊತ್ತಮೊದಲ ನಿಯಮ. ಗೆಲವು, ದಾರಿ, ಅಂಕ ಎಲ್ಲವೂ ಅದರ ಹಿಂದೆ. ೧೯೮೮ರ ಸೋಲ್ ಒಲಿಂಪಿಕ್ಕಿನ ನೌಕಾಸ್ಪರ್ಧೆಗಳು ಪೂಸಾನಿನ ಕಡಲಿನಲ್ಲಿ ನಡೆದಾಗ, ಕೆನಡಾ ದೇಶದ ಲಾರೆನ್ಸ್ ಲೆಮ್ಯೂ ಎಂಬಾತನು ಒಂದು ಪಂದ್ಯದಲ್ಲಿ ಎರಡನೆಯವನಾಗಿ ಸಾಗುತ್ತಿದ್ದನು. ಬೇರೊಂದು ವರ್ಗದ ದೋಣಿ ಮಗುಚಿ, ಸಿಂಗಪುರದ ಇಬ್ಬರು ನಾವಿಕರು ಹೆದ್ದೆರೆಗಳಲ್ಲಿ ಸಿಕ್ಕಿಕೊಂಡಿರುವುದನ್ನು ಕಂಡು, ಅವನು ತನ್ನ ಹಾದಿಯನ್ನು ಬಿಟ್ಟು ಹೋಗಿ ಅವರನ್ನು ಹಿಡಿದೆತ್ತಿ, ರಕ್ಷಣೆಯ ದೋಣಿ ಬರುವ ತನಕ ಕಾದು, ಆಮೇಲೆ ಪಂದ್ಯ ಮುಗಿಸಿದನು. ಅಷ್ಟರಲ್ಲಿ ಬಹು ಮಂದಿ ಅವನನ್ನು ದಾಟಿ ಹೋಗಿದ್ದರು. ನ್ಯಾಯಸಮಿತಿಯು ಅವನಿಗೆ ಆ ಪಂದ್ಯದಲ್ಲಿ ಎರಡನೆಯ ಸ್ಥಾನವನ್ನೇ ಕೊಟ್ಟಿತು. ಇದು ದಾಕ್ಷಿಣ್ಯದಿಂದ ಮಾಡಿದ್ದಲ್ಲ. ನೆರವಿಗೆ ಹೋಗಿ ಸ್ಥಾನ ಕಳೆದುಕೊಂಡವನು ಪರಿಹಾರವನ್ನು ಕೇಳಬಹುದೆಂದು ನಿಯಮದಲ್ಲಿಯೇ ಇದೆ. ಒಟ್ಟು ಲೆಕ್ಕದಲ್ಲಿ ಅವನು ಹನ್ನೊಂದನೆಯವನಾದನು, ಪದಕ ಬರಲಿಲ್ಲ. ನಮ್ಮ ಕೆರೆಯಲ್ಲಿ ಅಳುತ್ತಿರುವ ಗೆಳತಿಯ ಮಗುಚಿದ ದೋಣಿಯ ಬಳಿಗೆ ತಿರುಗಿ ಹೋಗುವ ಹುಡುಗಿಗೂ ಇದೇ ನಿಯಮ, ಇದೇ ಪರಿಹಾರ.

ಅಂಕದ ಲೆಕ್ಕವೂ ವಿಲಕ್ಷಣವಾಗಿದೆ. ಮೊದಲು ಬಂದವನಿಗೆ ಒಂದು, ಎರಡನೆಯವನಿಗೆ ಎರಡು, ಹೀಗೆ. ಕಡಮೆ ಅಂಕದವನೇ ಗೆದ್ದವನು. ಹೊರಡದವನಿಗೂ ಮುಗಿಸದವನಿಗೂ ಒಟ್ಟು ಸ್ಪರ್ಧಿಗಳ ಸಂಖ್ಯೆಗೆ ಒಂದು ಕೂಡಿಸಿದಷ್ಟು. ಹಲವು ದಿನ ಹಲವು ಪಂದ್ಯಗಳನ್ನು ನಡೆಸಿ, ಪ್ರತಿಯೊಬ್ಬನ ಅತ್ಯಂತ ಕೆಟ್ಟ ಫಲವೊಂದನ್ನು ಕಳೆಯುತ್ತಾರೆ. ೨೦೨೩ರಲ್ಲಿ ಚೀನಾ ದೇಶದಲ್ಲಿ ನಡೆದ ಏಷ್ಯನ್ ಕ್ರೀಡೆಗಳಲ್ಲಿ, ಆಪ್ಟಿಮಿಸ್ಟಿಗಿಂತ ದೊಡ್ಡದಾದ ಐಎಲ್‌ಸಿಎ-೪ ಎಂಬ ದೋಣಿಯನ್ನು ನಡೆಸಿದ ನೇಹಾ ಠಾಕೂರ್ ಎಂಬ ಹದಿನೇಳು ವರ್ಷದ ಬಾಲೆಯು ೧೧ ಪಂದ್ಯಗಳಲ್ಲಿ ೩೨ ಅಂಕ ಪಡೆದಳು. ಅವುಗಳಲ್ಲಿ ಕೆಟ್ಟದಾದ ಐದನೆಯ ಸ್ಥಾನವನ್ನು ಕಳೆದು ೨೭ ಉಳಿಯಲು, ಅವಳಿಗೆ ಬೆಳ್ಳಿಯ ಪದಕ ಬಂದಿತು. ಮಧ್ಯಪ್ರದೇಶದ ದೇವಾಸ್ ಜಿಲ್ಲೆಯ ರೈತನ ಮಗಳು. ಸಮುದ್ರ ಆ ಸೀಮೆಗೆ ಬಹುದೂರ. ಅವಳು ಕಲಿತದ್ದು ಭೋಪಾಲದ ಆ ಕೆರೆಯಲ್ಲಿಯೇ. ಒಂದು ದಿನದ ದೌರ್ಭಾಗ್ಯದಿಂದ ಮಗುವಿನ ವಾರದ ಶ್ರಮವೆಲ್ಲ ನೀರುಪಾಲಾಗಬಾರದೆಂಬ ಈ ಕಳೆಯುವ ಪದ್ಧತಿಯನ್ನು ನಮ್ಮ ಪರೀಕ್ಷಾಮಂಡಲಿಗಳು ಪರಾಮರ್ಶಿಸಿದರೆ ಕೆಡುಕೇನೂ ಇಲ್ಲ.

ಮಗುವನ್ನು ಸೇರಿಸಬೇಕೆಂದಿರುವವರು ಪ್ರಕಟಣೆಯ ಪತ್ರವನ್ನು ಕೈಯಲ್ಲಿ ಹಿಡಿದು ಕೆಲವನ್ನು ಕೇಳಿ ತಿಳಿಯತಕ್ಕದ್ದು. ಎಷ್ಟು ಮಕ್ಕಳಿಗೆ ಎಷ್ಟು ರಕ್ಷಣೆಯ ದೋಣಿಗಳು, ಅವನ್ನು ನಡೆಸುವವರಿಗೆ ಈಜೂ ಪ್ರಥಮ ಚಿಕಿತ್ಸೆಯೂ ಬರುವುವೆ, ಎಷ್ಟು ಗಾಳಿಯ ಮೇಲೆ ಪಂದ್ಯ ನಡೆಸುವುದಿಲ್ಲ, ಹೊಸಬರಿಗೆ ದಡದ ಹತ್ತಿರ ಬೇರೆ ಹಾದಿಯುಂಟೆ, ಹತ್ತಿರದ ಆಸ್ಪತ್ರೆ ಎಷ್ಟು ದೂರ, ಕೆರೆಯ ನೀರು ಚೊಕ್ಕಟವೆ. ಊರ ಕೊಳಚೆ ಸೇರುವ ಕೆರೆಗಳಲ್ಲಿ ಮಗುಚಿ ನೀರು ಕುಡಿದ ಮಗುವಿಗೆ ಮುಳುಗುವುದಕ್ಕಿಂತ ರೋಗದ ಭಯವೇ ಹೆಚ್ಚು. ಬಾಡಿಗೆಗೆ ತಂದ ತೇಲುವ ಅಂಗಿಯು ಮಗುವಿನ ತೂಕಕ್ಕೆ ತಕ್ಕದ್ದೋ ಎಂಬುದನ್ನು ಅಂಗಡಿಯವನ ಮಾತಿನ ಮೇಲೆ ಬಿಡದೆ, ತೊಡಿಸಿ, ಪಟ್ಟಿಗಳನ್ನು ಬಿಗಿದು, ಭುಜದ ಮೇಲೆ ಹಿಡಿದೆತ್ತಿ ನೋಡಬೇಕು; ಅಂಗಿಯು ಕಿವಿಯ ತನಕ ಜಾರಿ ಬಂದರೆ ಅದು ದೊಡ್ಡದು, ಬೇರೆ ತರಬೇಕು. ಈಜು ಬಾರದಿದ್ದರೆ ಈ ವರ್ಷ ಈಜು, ಬರುವ ವರ್ಷ ಹಾಯಿ.